ತಂತಿ ಎಳೆದು ಬರೆಯುವ ಭಾಷೆ



ಲಿಯಾಂಡರ್‌ನಲ್ಲಿ ಹೊಸದಾಗಿ ಪರಿಚಯವಾದವರು "ನಿಮ್ಮದು ಜಾವಾನಾ, ಪೈಥಾನಾ?" ಎಂದು ಕೇಳುತ್ತಾರೆ. ನಾನು "ಜಿ" ಎಂದರೆ ಹುಬ್ಬೇರಿಸುತ್ತಾರೆ. ಆದರೆ ಈ ಭಾಷೆ ನಮ್ಮ ಪಕ್ಕದ ಆಸ್ಟಿನ್‌ನದೇ!

1986ರಲ್ಲಿ ಅಲ್ಲಿನ ನ್ಯಾಷನಲ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಲ್ಯಾಬ್‌ವ್ಯೂ ಎಂಬ ಸಾಫ್ಟ್‌ವೇರ್ ಹೊರತಂದಿತು. ಅದರೊಳಗಿನ ಭಾಷೆಯೇ ಜಿ. ಇದನ್ನು ರೂಪಿಸಿದವರಲ್ಲಿ ಮುಖ್ಯರು ಜೆಫ್ ಕೊಡೋಸ್ಕಿ. ಇಲ್ಲಿ ಸಾಲು ಸಾಲಾಗಿ ಕೋಡ್ ಬರೆಯುವುದಿಲ್ಲ. ಪರದೆಯ ಮೇಲೆ ಚೌಕಗಳನ್ನಿಟ್ಟು ನಡುವೆ ತಂತಿ ಎಳೆಯುತ್ತೇವೆ. ಬೇಕಾದ ಮಾಹಿತಿಯೆಲ್ಲ ಬಂದು ಸೇರಿದ ಮೇಲೆಯೇ ಒಂದು ಚೌಕ ಕೆಲಸ ಶುರು ಮಾಡುತ್ತದೆ. ಬೇಳೆ ಬೆಂದ ಮೇಲಲ್ಲವೇ ಸಾರು? ಅಷ್ಟರಲ್ಲಿ ಪಕ್ಕದ ಒಲೆಯಲ್ಲಿ ಪಲ್ಯ ಆಗುವಂತೆ, ಒಂದನ್ನೊಂದು ಕಾಯಬೇಕಿಲ್ಲದ ಕೆಲಸಗಳು ಒಟ್ಟಿಗೇ ಸಾಗುತ್ತವೆ. ಹಾಗಾಗಿ ಹಲವು ಉಪಕರಣಗಳನ್ನು ಏಕಕಾಲಕ್ಕೆ ಪರೀಕ್ಷಿಸಲು ಇದು ಹೇಳಿ ಮಾಡಿಸಿದ ಭಾಷೆ. 2006ರಲ್ಲಿ ಬಂದ ಲೆಗೊ ಮೈಂಡ್‌ಸ್ಟಾರ್ಮ್ಸ್ ಎನ್‌ಎಕ್ಸ್‌ಟಿ ರೋಬೋಟ್ ನಿಮ್ಮ ಮಕ್ಕಳ ಬಳಿ ಇತ್ತೇ? ಅದರ ಸಾಫ್ಟ್‌ವೇರ್ ಕೂಡ ಲ್ಯಾಬ್‌ವ್ಯೂ ಮೇಲೆಯೇ ಕಟ್ಟಿದ್ದು.

ತೊಂದರೆಯೆಂದರೆ ಬಲ್ಲವರು ಕಡಿಮೆ. ನನ್ನ ಹಳೆಯ ಕಂಪನಿಯಲ್ಲಿ ಇದನ್ನು ಬಲ್ಲ ಒಬ್ಬರೇ ಒಬ್ಬರು ಕೆಲಸ ಬಿಟ್ಟಾಗ, ಅವರ ಪ್ರೋಗ್ರಾಂ ಓದಲು ಯಾರೂ ಇರಲಿಲ್ಲ. ಮೂರು ತಿಂಗಳು ಹೊಸಬರನ್ನು ಹುಡುಕಿ ಸೋತು, ಕೊನೆಗೆ ನಾನೇ ಕಲಿತೆ. ಇನ್ನೊಂದು ಚಿಂತೆ, ಭಾಷೆ ಒಂದೇ ಕಂಪನಿಯ ಕೈಯಲ್ಲಿರುವುದು. 2023ರಲ್ಲಿ ಆ ಕಂಪನಿಯನ್ನು ಎಮರ್ಸನ್ ಕೊಂಡಾಗ, ಮುಂದೇನು ಎಂದು ನಾವೆಲ್ಲ ಕಾದು ಕುಳಿತಿದ್ದೆವು.

ಕೆಲಸಕ್ಕೆ ಹೊಂದುವುದಾದರೆ ಸಣ್ಣ ಭಾಷೆಯನ್ನು ಧೈರ್ಯವಾಗಿ ಆರಿಸಿಕೊಳ್ಳಿ. ಆದರೆ ಮೊದಲ ದಿನದಿಂದಲೇ ಇನ್ನೊಬ್ಬರಿಗೂ ಕಲಿಸಿ. ಇಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತಿರುವ ನಿಮಗೆ ಇದನ್ನು ನಾನು ಬಿಡಿಸಿ ಹೇಳಬೇಕಿಲ್ಲ.