ಹಳೆಯ ಕಾರು ಎಣ್ಣೆ ಕುಡಿಯುತ್ತಿದೆಯೇ? ಬಿಚ್ಚುವ ಮುನ್ನ ಅಳೆಯಿರಿ



ಕೊಳೆರೋಗ, ಕಾಂಡಕೊರಕ, ಬೋರ್ಡೋ ದ್ರಾವಣಗಳ ನಡುವೆ ಕಾರಿನ ಎಂಜಿನ್ನಿಗೇನು ಕೆಲಸ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ನಮ್ಮಲ್ಲಿ ಅನೇಕರ ಮನೆಯಂಗಳದಲ್ಲಿ ಇಂದಿಗೂ ಒಂದು ಹಳೆಯ ಅಂಬಾಸಿಡರ್, ಜೀಪು ಅಥವಾ ಮಾರುತಿ 800 ನಿಂತಿರುತ್ತದೆ. ಆಸ್ಪತ್ರೆಗೂ ಅದೇ, ಅಡಿಕೆ ಮಂಡಿಗೂ ಅದೇ. ಅದರ ಎಂಜಿನ್ ಕೈಕೊಟ್ಟರೆ ಒಂದು ಕೊಯ್ಲಿನ ಉಳಿತಾಯವೇ ಗ್ಯಾರೇಜಿನ ಪಾಲಾಗುತ್ತದೆ. ಕಳೆದ ಮಾರ್ಚ್ ತಿಂಗಳಲ್ಲಿ ನಾನು ಆ ಅಂಚಿನವರೆಗೆ ಹೋಗಿ ಬಂದೆನಾದ್ದರಿಂದ ಈ ಲೇಖನ.

ಕಾಫಿ ಕೊಯ್ಲು ಮುಗಿದು ಹೂಮಳೆಗೆ ಕಾಯುತ್ತಿದ್ದ ದಿನಗಳು. ಬೀದರ್ ಜಿಲ್ಲಾ ಸಹಕಾರ ಕೇಂದ್ರ ಬ್ಯಾಂಕು ಸ್ವಸಹಾಯ ಗುಂಪುಗಳಿಗೆ ಸಾಲ ನೀಡುವುದರಲ್ಲಿ ಹೆಸರಾದದ್ದು. ಅಂಥ ಗುಂಪುಗಳ ಕೆಲಸವನ್ನು ಭಾಲ್ಕಿ, ಔರಾದ ತಾಲ್ಲೂಕುಗಳಲ್ಲಿ ಕಣ್ಣಾರೆ ನೋಡಿಬರೋಣವೆಂದು ನಾನೂ ನಮ್ಮ ನಿರ್ದೇಶಕರೊಬ್ಬರೂ ನನ್ನ ಅಂಬಾಸಿಡರಿನಲ್ಲಿ ಹೊರಟೆವು. 1817 ಸಿ.ಸಿ.ಯ ಇಸುಜು ಪೆಟ್ರೋಲ್ ಎಂಜಿನ್ನಿನ ಗಾಡಿ. ಚಿತ್ರದುರ್ಗ, ಹೊಸಪೇಟೆ, ಕಲಬುರಗಿ, ಹುಮನಾಬಾದ್ ದಾಟಿ ಎರಡನೆಯ ದಿನ ಸಂಜೆ ಬೀದರ್ ಸೇರಿದೆವು.

ಮರುದಿನ ಭಾಲ್ಕಿಯ ದಾರಿಯಲ್ಲಿ ಒಂದು ತಿರುವಿನಲ್ಲಿ ಎಣ್ಣೆಯ ಕೆಂಪು ದೀಪ ಮಿಣುಕಿತು. ನಿಲ್ಲಿಸಿ ಡಿಪ್‌ಸ್ಟಿಕ್ ಎಳೆದು ನೋಡಿದರೆ ಎಣ್ಣೆ ಕೆಳಗಿನ ಗುರುತಿಗೂ ತಾಗಿರಲಿಲ್ಲ. ಊರು ಬಿಡುವಾಗ ಮೇಲಿನ ಗುರುತಿನವರೆಗೆ ತುಂಬಿಸಿದ್ದೆ. ಭಾಲ್ಕಿಯ ಗ್ಯಾರೇಜೊಂದರಲ್ಲಿ ಸೈಲೆನ್ಸರಿನ ನೀಲಿ ಹೊಗೆ ನೋಡಿದವರೇ, "ರಿಂಗ್ ಹೋಗ್ಯಾವ್ರಿ. ಎಂಜಿನ್ ಬಿಚ್ಚಿ ಬೋರ್ ಮಾಡಸ್ಬೇಕು" ಎಂದರು. ಅವರು ಹೇಳಿದ ಮೊತ್ತ ನನ್ನ ತೋಟದ ಒಂದು ವರ್ಷದ ಗೊಬ್ಬರದ ಖರ್ಚಿಗಿಂತ ಹೆಚ್ಚಿತ್ತು. ಬೇರೆ ದಾರಿ ಕಾಣದೆ ಒಪ್ಪುವುದರಲ್ಲಿದ್ದೆ. ನಿರ್ದೇಶಕರು, "ಎಣ್ಣೆ ತುಂಬಿಸಿಕೊಂಡು ಇವತ್ತಿನ ಕೆಲಸ ಮುಗಿಸೋಣ, ನಾಳೆ ಇನ್ನೊಬ್ಬರನ್ನು ಕೇಳಿದರಾಯಿತು" ಎಂದು ತಡೆದರು. ದಾರಿಯಲ್ಲಿ ಮತ್ತೆ ಮತ್ತೆ ಎಣ್ಣೆಯ ಮಟ್ಟ ನೋಡಿಕೊಳ್ಳುತ್ತ ಔರಾದ ಮುಗಿಸಿ ಬೀದರಿಗೆ ಮರಳಿದೆವು.

ಬೀದರಿನಲ್ಲಿ ಸಿಕ್ಕ ಹಿರಿಯ ಮೆಕ್ಯಾನಿಕ್ ಬಾನೆಟ್ ಎತ್ತುವ ಮೊದಲೇ ಕೇಳಿದರು: "ಎಷ್ಟ್ ಕಿಲೋಮೀಟರಿಗಿ ಎಷ್ಟ್ ಆಯಿಲ್ ಕುಡೀಲತದ, ಲೆಕ್ಕ ಇಟ್ಟೀರೇನ್ರಿ ಸಾಹೇಬ್ರ?"

ಸಂಘದ ಖಾತೆಯನ್ನು ಪೈಸೆಯ ತನಕ ಬರೆದಿಡುವ ನನ್ನಲ್ಲಿ ಉತ್ತರವಿರಲಿಲ್ಲ. ಹಳೆಯ ಗಾಡಿ, ಕುಡಿಯುವುದು ಸಹಜ ಎಂದುಕೊಂಡು ತಿಂಗಳುಗಟ್ಟಲೆ ಸುಮ್ಮನೆ ಸುರಿಯುತ್ತ ಬಂದಿದ್ದೆ. ಅಂದು ಅವರು ತೋರಿಸಿದ ಕ್ರಮವನ್ನೇ ಕೆಳಗೆ ಬರೆದಿದ್ದೇನೆ.

ಮೊದಲನೆಯದು, ಅಳತೆ. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಹತ್ತು ನಿಮಿಷ ಬಿಟ್ಟು ಕಡ್ಡಿ ನೋಡತಕ್ಕದ್ದು. ಮೇಲಿನ ಗುರುತಿನವರೆಗೆ ತುಂಬಿಸಿ, ಕಿಲೋಮೀಟರ್ ಬರೆದಿಟ್ಟು, 500 ಕಿ.ಮೀ. ಓಡಿದ ಮೇಲೆ ಮತ್ತೆ ಅದೇ ಗುರುತಿಗೆ ಬರಲು ಎಷ್ಟು ಹಿಡಿಯಿತೆಂದು ಅಳೆಯಬೇಕು. 1000 ಕಿ.ಮೀ.ಗೆ 1 ಲೀಟರ್ ದಾಟಿದರೆ ಕಾರಣ ಹುಡುಕಲೇಬೇಕು. ಮೇಲಿನ ಗುರುತನ್ನೂ ಮೀರಿ ಸುರಿಯುವುದು ತಪ್ಪು. ಹೆಚ್ಚಾದ ಎಣ್ಣೆಯನ್ನು ಕ್ರ್ಯಾಂಕ್ ಕಡೆದು ನೊರೆಯೆಬ್ಬಿಸುತ್ತದೆ, ಎಣ್ಣೆ ಇನ್ನಷ್ಟು ಉರಿಯುತ್ತದೆ. ಕೆಂಪು ದೀಪ ಮಟ್ಟವನ್ನು ತೋರಿಸುವುದಿಲ್ಲ, ಒತ್ತಡ ಕುಸಿದದ್ದನ್ನು ತೋರಿಸುತ್ತದೆ. ಅದು ಹತ್ತುವ ತನಕ ಕಾಯುವವರು ಬೇರಿಂಗುಗಳನ್ನು ಕಳೆದುಕೊಳ್ಳುತ್ತಾರೆ.

ಎರಡನೆಯದು, ಸೋರಿಕೆ. ರಾತ್ರಿ ಗಾಡಿಯ ಕೆಳಗೆ ಹಳೆಯ ಪತ್ರಿಕೆ ಹಾಸಿ ಬೆಳಿಗ್ಗೆ ನೋಡಿ. ನಿಂತಾಗ ಸೋರದೆ ಓಡುವಾಗ ಮಾತ್ರ ಸೋರುವುದೂ ಉಂಟು. ಆದುದರಿಂದ ಎಂಜಿನ್ ಒರೆಸಿ, ಐವತ್ತು ಕಿ.ಮೀ. ಓಡಿಸಿ, ಟ್ಯಾಪೆಟ್ ಕವರ್, ಆಯಿಲ್ ಫಿಲ್ಟರ್, ಕ್ರ್ಯಾಂಕ್ ಸೀಲುಗಳ ಸುತ್ತ ಪರೀಕ್ಷಿಸಬೇಕು. ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ನೋಡಿ. ನೀರು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಬೇಕು.

ಮೂರನೆಯದು, ಬ್ರೀದರ್. ಎಂಜಿನ್ನಿನೊಳಗಿನ ಆವಿಯನ್ನು ಹೊರಗೆ ಸಾಗಿಸುವ ಈ ಕೊಳವೆ ಕಟ್ಟಿಕೊಂಡರೆ ಒಳಗಿನ ಒತ್ತಡವೇರಿ ಎಣ್ಣೆ ಸಿಕ್ಕಸಿಕ್ಕ ಸಂದಿನಿಂದ ಹೊರಬರುತ್ತದೆ. ನನ್ನ ಗಾಡಿಯ ಬ್ರೀದರ್ ಕಪ್ಪು ಮಡ್ಡಿಯಿಂದ ತುಂಬಿತ್ತು. ಸೀಮೆಎಣ್ಣೆಯಲ್ಲಿ ತೊಳೆಯುವಷ್ಟೇ ಕೆಲಸ.

ನಾಲ್ಕನೆಯದು, ಹೊಗೆ. ಬಿಳಿ ಹೊಗೆ ಬಿಡದೆ ಬಂದರೆ ನೀರು, ಕಪ್ಪು ಹೊಗೆಯಾದರೆ ಹೆಚ್ಚಾದ ಪೆಟ್ರೋಲ್, ನೀಲಿ ಹೊಗೆಯಾದರೆ ಎಣ್ಣೆ. ನೀಲಿ ಯಾವಾಗ ಬರುತ್ತದೆ ಎಂಬುದೇ ಮುಖ್ಯ. ಏರಿನಲ್ಲಿ, ಭಾರ ಎಳೆಯುವಾಗ ಎಡೆಬಿಡದೆ ಬಂದರೆ ರಿಂಗು ಸವೆದಿರಬಹುದು. ಬೆಳಿಗ್ಗೆ ಚಾಲೂ ಮಾಡಿದ ಕೂಡಲೆ ಒಂದು ಗುಕ್ಕು, ಇಳಿಜಾರಿನಲ್ಲಿ ಕಾಲು ತೆಗೆದು ಮತ್ತೆ ಒತ್ತಿದಾಗ ಒಂದು ಗುಕ್ಕು ಬಂದರೆ ದೋಷ ವಾಲ್ವ್ ಸೀಲಿನದು. ಬೀದರ್ ಊರು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲಿದೆ. ಹಿರಿಯರು ಗಾಡಿಯನ್ನು ಆ ಇಳಿಜಾರಿನಲ್ಲಿ ಇಳಿಸಿ ಹತ್ತಿಸಿದರು. ಇಳಿದು ಒತ್ತಿದಾಗ ನೀಲಿ ಗುಕ್ಕು. ಏರಿನಲ್ಲಿ ಹೊಗೆಯೇ ಇಲ್ಲ. ನಮ್ಮ ಘಟ್ಟದ ರಸ್ತೆಗಳಲ್ಲಿ ಈ ಪರೀಕ್ಷೆ ಇನ್ನೂ ಸುಲಭ.

ಐದನೆಯದು, ಕಂಪ್ರೆಷನ್ ಪರೀಕ್ಷೆ. ಎಂಜಿನ್ ಬಿಸಿಯಿರುವಾಗ ಎಲ್ಲ ಪ್ಲಗ್ ಬಿಚ್ಚಿ, ಕಾಯಿಲ್ ತಂತಿ ಕಳಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಒಂದೊಂದೇ ಸಿಲಿಂಡರಿನ ಒತ್ತಡ ನೋಡಬೇಕು. ಒತ್ತಡ ಕಡಿಮೆಯಿದ್ದಲ್ಲಿ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ನೋಡಿ. ಏರಿದರೆ ರಿಂಗು ಅಥವಾ ಬೋರ್, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ನನ್ನ ನಾಲ್ಕೂ ಸಿಲಿಂಡರುಗಳು ಹೆಚ್ಚು ಕಡಿಮೆ ಒಂದೇ ಒತ್ತಡ ತೋರಿಸಿದವು. ಬೋರ್ ಮಾಡಿಸುವ ಮಾತು ಅಲ್ಲಿಗೆ ಮುಗಿಯಿತು.

ಕೊನೆಗೆ ಅವರು ಏರ್ ಫಿಲ್ಟರಿನಿಂದ ಕಾರ್ಬೊರೇಟರಿಗೆ ಹೋಗುವ ರಬ್ಬರ್ ಕೊಳವೆಯ ಅಡಿಭಾಗದ ಬಿರುಕನ್ನು ಬೆರಳಲ್ಲಿ ಅಗಲಿಸಿ ತೋರಿಸಿದರು. ಔರಾದದ ಕಪ್ಪುನೆಲದ ಧೂಳು ಸೋಸದೆಯೇ ನೇರ ಒಳಗೆ ಹೋಗುತ್ತಿತ್ತು. ಧೂಳು ಎಂಜಿನ್ನಿಗೆ ಉಪ್ಪುಕಾಗದವಿದ್ದಂತೆ. ಇನ್ನೊಂದು ವರ್ಷ ಹೀಗೇ ಓಡಿಸಿದ್ದರೆ ಭಾಲ್ಕಿಯಲ್ಲಿ ಕೇಳಿದ ಮಾತೇ ನಿಜವಾಗುತ್ತಿತ್ತು.

ಹೆಡ್ ಇಳಿಸದೆಯೇ, ಪ್ಲಗ್ ರಂಧ್ರದಿಂದ ಗಾಳಿಯ ಒತ್ತಡ ಕೊಟ್ಟು, ವಾಲ್ವ್ ಸೀಲುಗಳನ್ನು ಬದಲಿಸಿದರು. ಹಳೆಯವು ಒಣಗಿದ ಅಡಿಕೆಯಂತೆ ಗಟ್ಟಿಯಾಗಿದ್ದವು. ಕವರಿನ ಗ್ಯಾಸ್ಕೆಟ್, ರಬ್ಬರ್ ಕೊಳವೆ ಹೊಸದಾದವು. ಒಟ್ಟು ಖರ್ಚು ಭಾಲ್ಕಿಯಲ್ಲಿ ಹೇಳಿದ್ದರ ಹತ್ತನೆಯ ಒಂದು ಪಾಲೂ ಆಗಲಿಲ್ಲ. ಈಗ ಲೆಕ್ಕದ ಪುಸ್ತಕ ಗಾಡಿಯಲ್ಲೇ ಇದೆ: 1000 ಕಿ.ಮೀ.ಗೆ ಸುಮಾರು ಕಾಲು ಲೀಟರ್.

ಅಂಬಾಸಿಡರ್ ತಯಾರಿಕೆಯೂ ಮಾರುತಿ 800ರ ತಯಾರಿಕೆಯೂ 2014ರಲ್ಲಿ ನಿಂತವು. ಚೆನ್ನಾಗಿರುವ ಎಂಜಿನ್ನನ್ನು ಸುಮ್ಮನೆ ಬಿಚ್ಚಿಸುವುದು ಆದುದರಿಂದ ಇನ್ನಷ್ಟು ಅಪಾಯ. ಅಡಿಕೆ ಮರದ ಸೋಗೆ ಹಳದಿಯಾಯಿತೆಂದು ನಾವು ಮರವನ್ನೇ ಕಡಿಯುವುದಿಲ್ಲ. ಬಸಿಗಾಲುವೆ ನೋಡುತ್ತೇವೆ, ಬೇರು ನೋಡುತ್ತೇವೆ. ಕಾರಿಗೂ ಅದೇ ನ್ಯಾಯ ಸಲ್ಲಬೇಕು. ಈ ಭಾನುವಾರ ಒಂದು ನೋಟುಬುಕ್ಕು, ಒಂದು ಒರೆಸುವ ಬಟ್ಟೆ ಹಿಡಿದು ಕಡ್ಡಿ ಎಳೆದು ನೋಡಿರಿ.

— ಕಾರ್ಯದರ್ಶಿ