ತೆರಿಗೆ ಇಂದೋ ಮುಂದೋ: ಅಮೆರಿಕದ ನಿವೃತ್ತಿ ಉಳಿತಾಯದ ಎರಡು ಪದ್ಧತಿಗಳು

ವೃದ್ಧಾಪ್ಯಕ್ಕೆಂದು ಹಣ ಕೂಡಿಡುವವನಿಗೆ ತೆರಿಗೆಯಲ್ಲಿ ರಿಯಾಯಿತಿ ಕೊಡುವ ಪದ್ಧತಿ ಅನೇಕ ರಾಷ್ಟ್ರಗಳಲ್ಲಿ ಉಂಟು. ತೆರಿಗೆಯನ್ನು ಈಗ ಕೊಡುವೆಯೋ ಆಮೇಲೆ ಕೊಡುವೆಯೋ ಎಂದು ಪ್ರಜೆಯನ್ನೇ ಕೇಳುವ ಏರ್ಪಾಡು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಎರಡು ಹಂತಗಳಲ್ಲಿ ಬೆಳೆಯಿತು. 1974ರ ಶಾಸನವು ವೈಯಕ್ತಿಕ ನಿವೃತ್ತಿ ಖಾತೆಯನ್ನು ಸ್ಥಾಪಿಸಿತು. ಇದರಲ್ಲಿ ಹಣ ತೊಡಗಿಸಿದ ವರ್ಷ ಆ ಹಣಕ್ಕೆ ತೆರಿಗೆಯಿಲ್ಲ. ಮುಪ್ಪಿನಲ್ಲಿ ಹಿಂದಕ್ಕೆ ಪಡೆಯುವಾಗ ಅಸಲಿಗೂ ಗಳಿಕೆಗೂ ಉಂಟು. 1997ರ ಶಾಸನವು ಈ ಕ್ರಮವನ್ನು ತಲೆಕೆಳಗು ಮಾಡಿತು. ಡೆಲವೇರ್ ಸಂಸ್ಥಾನದ ಸೆನೆಟರ್ ವಿಲಿಯಂ ರಾತ್ ಅವರ ಹೆಸರಿನ, 1998ರಲ್ಲಿ ಜಾರಿಗೆ ಬಂದ ಖಾತೆಯಲ್ಲಿ ತೆರಿಗೆ ತೆತ್ತು ಉಳಿದ ಹಣವನ್ನು ಇಡಬೇಕು. ನಿಯಮಾನುಸಾರ ತೆಗೆದರೆ ಗಳಿಕೆಗೂ ತೆರಿಗೆಯಿಲ್ಲ. ಇದನ್ನು ಸರ್ಕಾರದ ಔದಾರ್ಯವೆಂದಷ್ಟೇ ತಿಳಿಯಲಾಗದು. ಬೊಕ್ಕಸಕ್ಕೆ ಈ ಖಾತೆಯಿಂದ ಹಣ ಮೊದಲೇ ಬರುತ್ತದೆ, ನಷ್ಟ ಮುಂದಿನ ತಲೆಮಾರಿನ ಆಯವ್ಯಯದಲ್ಲಿ ಕಾಣಿಸಿಕೊಳ್ಳುತ್ತದೆ.

ಗಳಿಕೆಗೆ ತೆರಿಗೆಯಿಲ್ಲವಾದ್ದರಿಂದ ರಾತ್ ಖಾತೆಯೇ ಲಾಭಕರವೆಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಲೆಕ್ಕ ಇದನ್ನು ಸಮರ್ಥಿಸುವುದಿಲ್ಲ. ತೆರಿಗೆಯ ದರ ಶೇಕಡ 22 ಎಂದೂ, ಹಣ ನಾಲ್ಕು ಪಟ್ಟು ಬೆಳೆಯುವುದೆಂದೂ ಇಟ್ಟುಕೊಳ್ಳೋಣ. ಹಳೆಯ ಖಾತೆಯಲ್ಲಿ 1000 ಡಾಲರು 4000 ಆಗಿ, 880 ತೆರಿಗೆ ಕಳೆದು 3120 ಉಳಿಯುತ್ತದೆ. ರಾತ್ ಖಾತೆಯಲ್ಲಿ ಮೊದಲೇ 220 ಕಳೆದು ಇಟ್ಟ 780 ಬೆಳೆದು ಅದೇ 3120 ಆಗುತ್ತದೆ. ಗುಣಾಕಾರದಲ್ಲಿ ಅಂಕಿಗಳ ಕ್ರಮ ಬದಲಾದರೆ ಲಬ್ಧ ಬದಲಾಗದಷ್ಟೆ. ನಿವೃತ್ತಿಯಲ್ಲಿ ದರ ಶೇಕಡ 12ಕ್ಕೆ ಇಳಿದರೆ ಹಳೆಯ ಖಾತೆ 3520 ಕೊಡುತ್ತದೆ. 32ಕ್ಕೆ ಏರಿದರೆ 2720 ಮಾತ್ರ. ಆದುದರಿಂದ ಆಯ್ಕೆಯ ತಿರುಳು ಇಂದಿನ ದರಕ್ಕೂ ಅಂದಿನ ದರಕ್ಕೂ ಇರುವ ಅಂತರ.

ಅಂದಿನ ದರವನ್ನು ಬಲ್ಲವರಾರು? ಅಮೆರಿಕದ ಅತ್ಯುಚ್ಚ ದರ 1944ರಲ್ಲಿ ಶೇಕಡ 94 ಇದ್ದು, 1988ರಲ್ಲಿ 28ಕ್ಕೆ ಇಳಿದು, 1993ರಲ್ಲಿ 39.6ಕ್ಕೆ ಏರಿ, 2018ರಲ್ಲಿ 37 ಆಯಿತು. ಇವು ಧನಿಕರ ದರಗಳೆಂಬುದು ನಿಜ. ಸಾಮಾನ್ಯ ನೌಕರನ ವಿಷಯದಲ್ಲಿ ಶಾಸನದ ಬದಲಾವಣೆಗಿಂತ ಅವನ ಸ್ವಂತ ವರಮಾನದ ಏರಿಳಿತವೇ ಹೆಚ್ಚು ಪರಿಣಾಮಕಾರಿ. ಅಲ್ಪ ವೇತನದ ಆರಂಭದ ವರ್ಷಗಳಲ್ಲಿ ತೆರಿಗೆ ತೆತ್ತು ಮುಗಿಸುವುದೂ, ವೇತನ ಉನ್ನತಿಯಲ್ಲಿರುವಾಗ ಮುಂದೂಡುವುದೂ ವಿವೇಕವೆಂದು ನಮಗೆ ತೋರುತ್ತದೆ. ಹಂಚಿ ಇಡುವವರೂ ಉಂಟು; ಅದು ಅಂಜುಬುರುಕುತನವಲ್ಲ.

ಲೆಕ್ಕಕ್ಕೆ ಸಿಗದ ಭೇದಗಳೂ ಇವೆ. ಎರಡು ಖಾತೆಗಳಿಗೂ ವಾರ್ಷಿಕ ಮಿತಿ ಒಂದೇ ಆದರೂ ರಾತ್ ಖಾತೆಯ ಡಾಲರು ತೆರಿಗೆಯ ಋಣ ತೀರಿದ್ದು; ಮಿತಿಯಷ್ಟೂ ತುಂಬಬಲ್ಲವನಿಗೆ ಅದರಲ್ಲಿ ಹೆಚ್ಚು ಹಿಡಿಯುತ್ತದೆ. ವರಮಾನ ತೀರ ಹೆಚ್ಚಿದ್ದವರಿಗೆ ಅದರಲ್ಲಿ ನೇರವಾಗಿ ಹಣ ಕಟ್ಟುವ ಅವಕಾಶವಿಲ್ಲ. 2022ರ ಶಾಸನದಂತೆ ಹಳೆಯ ಖಾತೆಯಿಂದ 73ನೆಯ ವಯಸ್ಸಿನಿಂದ ಪ್ರತಿವರ್ಷ ಇಷ್ಟೆಂದು ತೆಗೆಯಲೇಬೇಕು. ಈ ವಯಸ್ಸು 2033ರಿಂದ 75 ಆಗತಕ್ಕದ್ದು. ರಾತ್ ಖಾತೆಯ ಒಡೆಯನಿಗೆ ಜೀವಮಾನದಲ್ಲಿ ಆ ಬಲಾತ್ಕಾರವಿಲ್ಲ.

ಅಲ್ಲಿ ದುಡಿದು ತಾಯ್ನಾಡಿಗೆ ಮರಳುವ ಕನ್ನಡಿಗರಿಗೆ ತೊಡಕು ಇಮ್ಮಡಿ. ಭಾರತದಲ್ಲಿ ಸಾಮಾನ್ಯ ನಿವಾಸಿಯಾದವನ ಹೊರದೇಶದ ವರಮಾನವೂ ಇಲ್ಲಿಯ ತೆರಿಗೆಯ ವ್ಯಾಪ್ತಿಗೆ ಬರುತ್ತದೆ. ಆದಕಾರಣ ರಾತ್ ಖಾತೆಗೆ ಅಲ್ಲಿರುವ ವಿನಾಯಿತಿ ಇಲ್ಲಿಯೂ ತಾನಾಗಿ ದೊರೆಯುವುದೆಂದು ಭಾವಿಸಿ ಹಣ ಕಟ್ಟತಕ್ಕದ್ದಲ್ಲ. ಯಾವ ದೇಶದಲ್ಲಿ ಮುಪ್ಪನ್ನು ಕಳೆಯುವುದು ಎಂಬ ಪ್ರಶ್ನೆಯನ್ನು ಅವರು ಖಾತೆ ತೆರೆಯುವ ಮೊದಲೇ ವಿಚಾರಿಸಬೇಕಾಗುತ್ತದೆ.