ಕ್ಯಾಮೆರಾ ಬಾಡಿಯ ಆಯುಸ್ಸು: ಕ್ಲಿಕ್ಕಿನ ಲೆಕ್ಕಕ್ಕಿಂತ ಧೂಳು, ತೇವದ ಲೆಕ್ಕ ದೊಡ್ಡದು

ರಾಮನಗರ ತಾಲ್ಲೂಕಿನ ಕೂಟಗಲ್ ಹೋಬಳಿಯಂತಹ ಕಡೆ ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮೆರಾಕ್ಕೆ ಪರೀಕ್ಷೆಗಳು ಒಂದೆರಡಲ್ಲ. ಬಂಡೆಗಳ ನಡುವಿನ ಮಣ್ಣುರಸ್ತೆಯ ಧೂಳು, ರೇಷ್ಮೆಹುಳು ಸಾಕಣೆ ಮನೆಯ ತೇವ, ಮದುವೆ ಚಪ್ಪರದ ಹೋಮದ ಹೊಗೆ, ಜಾತ್ರೆಯಲ್ಲಿ ತೂರಿಬರುವ ಅರಿಶಿನ ಕುಂಕುಮ ಎಲ್ಲವನ್ನೂ ಅದು ತಾಳಬೇಕು. ಊರಿನ ಸ್ಟುಡಿಯೋ ಛಾಯಾಗ್ರಾಹಕನಿಗೆ ಆ ಒಂದು ಬಾಡಿಯೇ ಬಂಡವಾಳ. ಮುಹೂರ್ತದ ಹೊತ್ತಿಗೆ ಅದು ಕೈಕೊಟ್ಟರೆ ಮಾಂಗಲ್ಯಧಾರಣೆಯನ್ನು ಮತ್ತೊಮ್ಮೆ ಮಾಡಿಸಲಾಗದು.

ಈ ಪ್ರಶ್ನೆಗೆ ಈಗ ಹೆಚ್ಚಿನ ತೂಕ ಬಂದಿದೆ. ಕ್ಯಾನನ್‌ನ 1ಡಿಎಕ್ಸ್ ಮಾರ್ಕ್ 3 ಹಾಗೂ ನಿಕಾನ್‌ನ ಡಿ6 ಮಾರುಕಟ್ಟೆಗೆ ಬಂದದ್ದು 2020ರಲ್ಲಿ. ಆ ಬಳಿಕ ಎರಡೂ ಕಂಪನಿಗಳ ಗಮನ ಕನ್ನಡಿಯಿಲ್ಲದ, ಅಂದರೆ ಮಿರರ್‌ಲೆಸ್ ಕ್ಯಾಮೆರಾಗಳತ್ತ ಹೊರಳಿತು. ಹೀಗಾಗಿ ಕೈಯಲ್ಲಿರುವ ಹಳೆಯ ಬಾಡಿಯನ್ನು ಉಳಿಸಿಕೊಳ್ಳುವುದು, ಇಲ್ಲವೇ ಸೆಕೆಂಡ್ ಹ್ಯಾಂಡ್ ಬಾಡಿಯನ್ನು ಎಚ್ಚರದಿಂದ ಕೊಳ್ಳುವುದು ಅನೇಕರಿಗೆ ಅನಿವಾರ್ಯವಾಗಿದೆ.

ಶಟರ್ ಲೆಕ್ಕ ಏನು ಹೇಳುತ್ತದೆ?

ಪ್ರತಿ ಕ್ಲಿಕ್ಕಿಗೂ ಒಳಗಿನ ಕನ್ನಡಿ ಮೇಲೆದ್ದು, ಶಟರ್ ಪರದೆ ತೆರೆದು ಮುಚ್ಚುತ್ತದೆ. ಇದು ಯಾಂತ್ರಿಕ ಚಲನೆ, ಸವೆತ ಸಹಜ. ನಿಕಾನ್ ಡಿ90ರ ಶಟರನ್ನು 1 ಲಕ್ಷ, ಡಿ300 ಮತ್ತು ಕ್ಯಾನನ್ 5ಡಿ ಮಾರ್ಕ್ 2ರ ಶಟರನ್ನು 1.5 ಲಕ್ಷ, ನಿಕಾನ್ ಡಿ3ರದನ್ನು 3 ಲಕ್ಷ ಕ್ಲಿಕ್ಕುಗಳ ಮಟ್ಟಕ್ಕೆ ಪರೀಕ್ಷಿಸಿರುವುದಾಗಿ ತಯಾರಕರು ಹೇಳಿದ್ದರು.

ವಾರಕ್ಕೆ 300 ಚಿತ್ರ ತೆಗೆಯುವ ಹವ್ಯಾಸಿಗೆ 1.5 ಲಕ್ಷದ ಶಟರ್ ಒಂಬತ್ತು ವರ್ಷಕ್ಕೂ ಹೆಚ್ಚು ಕಾಲ ಸಾಕು. ಮದುವೆಗೆ 2,500ರಂತೆ ವರ್ಷಕ್ಕೆ 40 ಮದುವೆ ಮಾಡುವವರಿಗೆ ಅದು ಒಂದೂವರೆ ವರ್ಷದ ಲೆಕ್ಕ. ಆದರೆ ಈ ಸಂಖ್ಯೆ ಖಾತರಿಯೂ ಅಲ್ಲ, ಮರಣಶಾಸನವೂ ಅಲ್ಲ. ಅದಕ್ಕೆ ಮುಂಚೆಯೇ ಕೆಟ್ಟವುಂಟು, ದುಪ್ಪಟ್ಟು ಬಾಳಿದವೂ ಉಂಟು. ಬಿಡಿಭಾಗ ಸಿಗುವವರೆಗೆ ಶಟರನ್ನು ಬದಲಾಯಿಸಬಹುದು. ಧೂಳು, ತೇವ, ಪೆಟ್ಟಿನಿಂದ ಆಗುವ ಹಾನಿ ಅಷ್ಟು ಸುಲಭವಾಗಿ ಸರಿಹೋಗುವಂಥದ್ದಲ್ಲ.

ಧೂಳು

ಲೆನ್ಸ್ ಬದಲಿಸುವಾಗ ಕ್ಯಾಮೆರಾವನ್ನು ಆಫ್ ಮಾಡಿ, ಬಾಯಿ ಕೆಳಮುಖವಾಗಿರುವಂತೆ ಹಿಡಿಯಿರಿ. ಗಾಳಿಗೆ ಬೆನ್ನು ತಿರುಗಿಸಿ ನಿಲ್ಲಿ. ಅಪರ್ಚರನ್ನು ಎಫ್/16 ಅಥವಾ ಎಫ್/22ಕ್ಕೆ ಇಟ್ಟು ಮೋಡವಿಲ್ಲದ ಆಕಾಶದ ಚಿತ್ರ ತೆಗೆದರೆ, ಒಳಸೇರಿದ ಧೂಳು ಮಸುಕಾದ ಕಪ್ಪು ಚುಕ್ಕೆಗಳಾಗಿ ಕಾಣುತ್ತದೆ. ಅದು ಕೂತಿರುವುದು ಸೆನ್ಸರ್ ಮೇಲಲ್ಲ, ಅದರ ಮುಂದಿನ ತೆಳು ಗಾಜಿನ ಮೇಲೆ. ರಬ್ಬರ್ ಬ್ಲೋವರ್‌ನಿಂದ ಊದಿದರೆ ಬಹುಪಾಲು ಹೋಗುತ್ತದೆ. ಬಾಯಿಂದ ಊದಬಾರದು, ಎಂಜಲಿನ ಹನಿ ಅಂಟಿಕೊಳ್ಳುತ್ತದೆ. ಬ್ಯಾಟರಿ ಪೂರ್ಣ ಚಾರ್ಜ್ ಇರುವಾಗಲೇ, ಮೆನುವಿನಲ್ಲಿರುವ ಸೆನ್ಸರ್ ಶುಚಿ ಮಾಡುವ ಆಯ್ಕೆಯಿಂದ ಕನ್ನಡಿ ಮೇಲೆತ್ತಿ ಈ ಕೆಲಸ ಮಾಡಬೇಕು. ನಡುವೆ ಚಾರ್ಜ್ ಮುಗಿದರೆ ಕನ್ನಡಿ, ಪರದೆ ಕೆಳಗಿಳಿದು ಪೆಟ್ಟಾಗಬಹುದು.

ತೇವ

ಚಾಕಿ ಹಂತದ ಹುಳುಗಳಿಗೆ ಶೇ 80ಕ್ಕೂ ಹೆಚ್ಚು, ದೊಡ್ಡ ಹುಳುಗಳಿಗೆ ಶೇ 70ರ ಆಸುಪಾಸಿನ ತೇವಾಂಶ ಬೇಕು. ಕ್ಯಾಮೆರಾಕ್ಕೆ ಶೇ 40ರಿಂದ 50 ಹಿತ. ಹುಳುವಿಗೆ ಒಗ್ಗುವ ಗಾಳಿಯೇ ಗಾಜಿನ ಮೇಲೆ ಬೆಳೆಯುವ ಬೂಷ್ಟಿಗೂ, ಅಂದರೆ ಫಂಗಸ್‌ಗೂ ಒಗ್ಗುತ್ತದೆ. ಸಾಲದ್ದಕ್ಕೆ ತಟ್ಟೆಗಳ ಮೇಲೆ ಉದುರಿಸುವ ಸುಣ್ಣದ ಪುಡಿ ಬೇರೆ. ಅಲ್ಲಿ ಕೆಲಸ ಮುಗಿದೊಡನೆ ಬಾಡಿಯನ್ನು ಒಣಬಟ್ಟೆಯಿಂದ ಒರೆಸಿ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜತೆ ಇಡಬೇಕು. ಚರ್ಮದ ಚೀಲದಲ್ಲಿ ತಿಂಗಳುಗಟ್ಟಲೆ ಮುಚ್ಚಿಡುವುದು ಬೂಷ್ಟಿಗೆ ಆಹ್ವಾನ.

ಬೆಂಗಳೂರಿನಿಂದ ಎ.ಸಿ. ಕಾರಿನಲ್ಲಿ ಬಂದಿಳಿಯುವವರು ಚೀಲವನ್ನು ಅರ್ಧ ಗಂಟೆ ಮುಚ್ಚಿಯೇ ಇಡುವುದು ಒಳ್ಳೆಯದು. ತಣ್ಣಗಾದ ಲೋಹಕ್ಕೆ ಹೊರಗಿನ ತೇವದ ಗಾಳಿ ತಗುಲಿದರೆ ಹನಿಗಟ್ಟುತ್ತದೆ. ‘ವೆದರ್ ಸೀಲ್ಡ್’ ಎಂದರೆ ಜಲನಿರೋಧಕ ಎಂದಲ್ಲ. ಗುಂಡಿಗಳ, ಬಾಗಿಲುಗಳ ಅಂಚಿಗೆ ರಬ್ಬರ್ ಪಟ್ಟಿ ಇದೆ ಎಂದಷ್ಟೇ ಅರ್ಥ. ಲೆನ್ಸ್‌ಗೂ ಅದೇ ರಕ್ಷಣೆ ಇಲ್ಲದಿದ್ದರೆ ನೀರು ಮೌಂಟ್ ಬಳಿ ನುಸುಳುತ್ತದೆ.

ಹಿಡಿಯುವ ಕೈ

ಸಮೀಪದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದು ಧಾಮವೆಂದು ಘೋಷಣೆಯಾಯಿತು. ಅಂತಹ ಕಡೆ ಹಕ್ಕಿಗಳ ಚಿತ್ರ ತೆಗೆಯುವವರು ಬಳಸುವ 150–600 ಎಂ.ಎಂ. ಲೆನ್ಸ್ ಸುಮಾರು 2 ಕಿಲೋ ತೂಗುತ್ತದೆ. ಬಾಡಿಯ ಪಟ್ಟಿಯನ್ನು ಕುತ್ತಿಗೆಗೆ ಹಾಕಿ ಅದನ್ನು ತೂಗಾಡಿಸಿದರೆ ಭಾರವೆಲ್ಲ ಮೌಂಟಿನ ಮೇಲೆ ಬೀಳುತ್ತದೆ. ಲೆನ್ಸಿನ ಕಾಲರ್ ಹಿಡಿದು ಒಯ್ಯಬೇಕು.

ಡಿ300, ಡಿ700ರಂತಹ ಬಾಡಿಗಳ ಕವಚ ಮೆಗ್ನೀಷಿಯಂ ಮಿಶ್ರಲೋಹದ್ದು. ಆದರೆ ಕಲ್ಲಿನ ಮೇಲೆ ಬಿದ್ದಾಗ ಹೊರಗೆ ಗೀರೂ ಇಲ್ಲದೆ ಒಳಗಿನ ಕನ್ನಡಿಯ ಕೋನ ಸರಿದು, ಫೋಕಸ್ ತಪ್ಪಬಹುದು. ಬೆವರು, ಎಣ್ಣೆಗೆ ಹಿಡಿಕೆಯ ರಬ್ಬರ್ ಉಬ್ಬಿ ಸಡಿಲವಾಗುವುದೂ ಸಾಮಾನ್ಯ.

ಹಳೆಯದನ್ನು ಕೊಳ್ಳುವ ಮುನ್ನ

ಫೈಲ್ ಹೆಸರಿನ ನಾಲ್ಕಂಕಿಯನ್ನು ನಂಬಬೇಡಿ. 9999ರ ನಂತರ ಅದು ಮೊದಲಿನಿಂದ ಶುರುವಾಗುತ್ತದೆ. ನಿಕಾನ್‌ನ ಬಹುತೇಕ ಬಾಡಿಗಳಲ್ಲಿ ಶಟರ್ ಲೆಕ್ಕ ಚಿತ್ರದ ಫೈಲ್‌ನೊಳಗೇ ಇರುತ್ತದೆ. ಕ್ಯಾನನ್‌ನ ಹಲವು ಬಾಡಿಗಳಿಗೆ ಪ್ರತ್ಯೇಕ ತಂತ್ರಾಂಶ ಬೇಕು. ಆಕಾಶದ ಪರೀಕ್ಷೆ ಮಾಡಿ. ಮೌಂಟಿನ ಸ್ಕ್ರೂ ತಿರುಚಿದ ಗುರುತಿದೆಯೇ, ಬ್ಯಾಟರಿ ಕೋಣೆಯಲ್ಲಿ ಹಸಿರು ಕಿಲುಬಿದೆಯೇ, ಸಿಎಫ್ ಕಾರ್ಡ್ ಜಾಗದ ಸೂಜಿಗಳು ಬಾಗಿವೆಯೇ ನೋಡಿ.

ಇವೆಲ್ಲ ಸರಿಯಿದ್ದರೆ, 80 ಸಾವಿರ ಕ್ಲಿಕ್ ಆದ ಬಾಡಿಯನ್ನು ನಿಶ್ಚಿಂತೆಯಿಂದ ಕೊಳ್ಳಬಹುದು. ಕಿಲುಬು ಹಿಡಿದಿದ್ದರೆ, 8 ಸಾವಿರವೇ ಆಗಿದ್ದರೂ ಬೇಡ ಎನ್ನುವುದೇ ಜಾಣತನ.